ಸ್ಪೇಸ್‌ಬಾರಿಗೆ ಬಿದ್ದ ಗುದ್ದು

ನನ್ನ ಲ್ಯಾಪ್‌ಟಾಪಿನ ಸ್ಪೇಸ್‌ಬಾರ್ ಸತ್ತಿದೆ. ಬೆಳಗ್ಗೆ ಬಾಸ್‌ಗೆ ರಜೆ ಕೇಳಿ ಮೇಲ್ ಬರೆಯಲು ಕೂತರೆ, ಎರಡು ಪದಗಳ ನಡುವೆ ಸಂದೇ ಬೀಳಲಿಲ್ಲ. ಮುಂಬಯಿಯ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಜನ ನಿಂತ ಹಾಗೆ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅದೊಂದು ಕೀ ಮಾತ್ರ ಹಾಕಲು ಬರೋದಿಲ್ಲ, ಇಡೀ ಕೀಬೋರ್ಡೇ ಬದಲಿಸಬೇಕು ಎಂದ ರಿಪೇರಿಯವನು. ರೇಟು ಕೇಳಿ ಸುಮ್ನೆ ಎದ್ದು ಬಂದೆ.

ಇದು ಯಾರ ಕೆಲಸ ಅಂತ ಮನೆಯವರಿಗೆಲ್ಲ ಗೊತ್ತು. ಬಾಯಿ ಬಿಡುವ ಹಾಗಿಲ್ಲ. ಹೆಂಡತಿಯ ಅಪ್ಪ.

ಮಳೆಗಾಲದಲ್ಲಿ ನೆಟ್ ಕೈಕೊಡುವುದು ನಿಮ್ಮಲ್ಲೂ ಇದ್ದದ್ದೇ, ಅಲ್ವಾ? ಕೇಬಲ್‌ನವನಿಗೆ ಫೋನ್ ಮಾಡಿದರೆ "ಬಸ್, ಪಾಂಚ್ ಮಿನಿಟ್" ಅನ್ನುತ್ತಾನೆ. ಅವನ ಐದು ನಿಮಿಷ ಮುಗಿಯುವಷ್ಟರಲ್ಲಿ ರಾತ್ರಿ ಊಟ ಆಗಿರುತ್ತದೆ. ಆಗ ಕ್ರೋಮ್ ಬ್ರೌಸರ್‌ನಲ್ಲಿ ಆ ಆಟದ ಪುಟ್ಟ ಡೈನೋಸಾರ್ ಬಂದು ನಿಲ್ಲುತ್ತದಲ್ಲ, 2014ರಿಂದಲೂ ಇದೆ, ಅದನ್ನು ಧಾರವಾಡದಿಂದ ಬಂದ ಮಾವನಿಗೆ ತೋರಿಸಿಕೊಟ್ಟವಳು ನನ್ನ ಮಗಳು. ಸ್ಪೇಸ್‌ಬಾರ್ ಒತ್ತಿದರೆ ಅದು ಹಾರುತ್ತದೆ, ದಾರಿಯ ಕಳ್ಳಿ ಗಿಡಕ್ಕೆ ಬಡಿದರೆ ಆಟ ಮುಗಿಯಿತು. ಅಷ್ಟೇ.

ಮಾವ ಒತ್ತುವುದಿಲ್ಲ. ಗುದ್ದುತ್ತಾರೆ. ಬಲಗೈ ತೋರುಬೆರಳನ್ನು ಕಿವಿಯ ಮಟ್ಟಕ್ಕೆ ಎತ್ತಿ, ಕಳ್ಳಿ ಹತ್ತಿರ ಬರುವ ತನಕ ಅಲ್ಲೇ ಹಿಡಿದು, ಆಮೇಲೆ ಧಡ್ ಅಂತ ಇಳಿಸುತ್ತಾರೆ. ಟೇಬಲ್ಲಿನ ಮೇಲಿನ ಚಹಾ ಲೋಟವೂ ಹಾರುತ್ತದೆ. ದೊಡ್ಡ ಕಳ್ಳಿ ಬಂದರೆ ದೊಡ್ಡ ಗುದ್ದು. ಮೂರು ಕಳ್ಳಿ ಜೊತೆಗೆ ಬಂದರೆ ಕುರ್ಚಿಯಿಂದ ಅರ್ಧ ಎದ್ದು ಗುದ್ದು. ಜೊತೆಗೆ "ಹಾರಲೇ! ಹಾರಲೇ ಮಗನ!" ಅಂತ ಕೂಗು ಬೇರೆ. ಪಕ್ಕದ ಮನೆಯ ಮರಾಠಿ ಆಜಿ ಒಂದು ಸಲ ಬಂದು ಬಾಗಿಲು ತಟ್ಟಿ, ಎಲ್ಲ ಸೌಖ್ಯವೇ ಎಂದು ವಿಚಾರಿಸಿಕೊಂಡು ಹೋದರು.

"ಮೆತ್ತಗ ಒತ್ರಿ ಮಾವಾ," ಅಂದೆ.

"ಮೆತ್ತಗ ಒತ್ತಿದ್ರ ಅದಕ್ಕ ಹೆಂಗ ತಿಳೀಬೇಕ್ರಿ ಅಳಿಯಂದ್ರ?"

ಇದಕ್ಕೆ ಉತ್ತರ ಕೊಟ್ಟವಳೂ ಮಗಳೇ. "ಅಜ್ಜಾ, ಅದಕ್ಕೆ ಗೊತ್ತಾಗೋದು ಎರಡೇ. ಕೀ ಒತ್ತಿದ್ದು, ಕೀ ಬಿಟ್ಟಿದ್ದು. ನಿನ್ನ ಸಿಟ್ಟು ಅದಕ್ಕೆ ಮುಟ್ಟೋದೇ ಇಲ್ಲ." ನಿಜವೇ. ಬೇಗ ಬಿಟ್ಟರೆ ಗಿಡ್ಡ ನೆಗೆತ, ಸ್ವಲ್ಪ ಹಿಡಿದು ಬಿಟ್ಟರೆ ಎತ್ತರದ ನೆಗೆತ. ಬ್ರೌಸರ್‌ಗೆ ಹೋಗುವ ಸುದ್ದಿ ಅಷ್ಟೇ. ಈ ಕಡೆಯಿಂದ ಅದು ಚಿತ್ರವನ್ನು ಸೆಕೆಂಡಿಗೆ ಸುಮಾರು 60 ಸಲ ಅಳಿಸಿ ಅಳಿಸಿ ಬರೆಯುತ್ತಿರುತ್ತದೆ, ನಮಗೆ ಓಟದ ಹಾಗೆ ಕಾಣುತ್ತದೆ. ಬೈಗುಳ ಕೇಳಿಸಿಕೊಳ್ಳಲು ಅದರಲ್ಲಿ ಏರ್ಪಾಡೇ ಇಲ್ಲ.

ಮಾವ ಒಪ್ಪಲಿಲ್ಲ. ಅವರ ತಕರಾರು ಬೇರೆ ಕಡೆಗೆ ತಿರುಗಿತು. "ಎಲ್ಲಿ ತಾಗೇತಿ ತೋರಸ್ರಿ! ಬಾಲ ಮ್ಯಾಲೈತಿ!" ಔಟಾದಾಗೆಲ್ಲ ಇದೇ ವಾದ. ಆಟ ಬಾಲವನ್ನೂ ಮುಳ್ಳನ್ನೂ ನೋಡುವುದಿಲ್ಲ, ಡೈನೋಸಾರಿಗೂ ಕಳ್ಳಿಗೂ ಕಣ್ಣಿಗೆ ಕಾಣದ ಕೆಲವು ಚೌಕಟ್ಟು ಹಾಕಿಕೊಂಡಿರುತ್ತದೆ, ಅವು ಒಂದರ ಮೇಲೊಂದು ಬಂದರೆ ಔಟ್ ಎಂದು ವಿವರಿಸಿದೆ. "ಕಾಣದ ಚೌಕಟ್ಟಿಗೆ ಬಡಿದು ಸಾಯೂದಂದ್ರ ಏನ್ರಿ ಇದು ಅನ್ಯಾಯ?" ಎಂದರು. ವಕೀಲರ ಸಹವಾಸದ ಮನುಷ್ಯ, ನಾನು ಗೆಲ್ಲುವುದುಂಟೆ?

ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಕಾಗದ, ಕಾರ್ಬನ್, ಕಾಗದ, ಕಾರ್ಬನ್ ಎಂದು ಪೇರಿಸಿಟ್ಟು ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಕೊನೆಯ ಪ್ರತಿಯಲ್ಲಿ ಏನೂ ಮೂಡುವುದಿಲ್ಲ, ಸಾಹೇಬರ ಬೈಗುಳ ಮಾತ್ರ ಸ್ಪಷ್ಟ. ಮೊನ್ನೆ ಪವರೂ ಹೋದಾಗ ಕತ್ತಲಲ್ಲಿ ಕೂತು ಇದನ್ನೆಲ್ಲ ಹೇಳಿದರು. ಅಲ್ಲಿ ಬೆರಳಿನ ಜೋರು ಎಷ್ಟೋ ಅಷ್ಟೇ ಅಚ್ಚು. ಟೈಪ್‌ರೈಟರಿನ ಅಕ್ಷರದ ಕಡ್ಡಿ ಹೋಗಿ ಕಾಗದಕ್ಕೆ ಬಡಿಯುವುದು ಕಣ್ಣಿಗೆ ಕಾಣುತ್ತಿತ್ತು. ಮಾತಾಡುವಾಗಲೂ ಅವರ ಬೆರಳುಗಳು ತೊಡೆಯ ಮೇಲೆ ಏನೋ ಟೈಪ್ ಮಾಡುತ್ತಿದ್ದವು. ನನಗೆ ಯಾಕೋ ಸಿಟ್ಟು ಇಳಿದುಹೋಯಿತು.

ರಿಪೇರಿಯ ರೇಟು ನೆನಪಾದ ಕೂಡಲೇ ವಾಪಸ್ ಏರಿತು.

ಸದ್ಯಕ್ಕೆ ಆಟ ನಿಂತಿದೆ. ಸ್ಪೇಸ್‌ಬಾರ್ ಇಲ್ಲದೆ ಹಾರುವುದು ಹೇಗೆ ಎಂದು ಮಾವ ಬೇಜಾರಿನಲ್ಲಿದ್ದಾರೆ. ಮೇಲ್ಮುಖದ ಬಾಣದ ಕೀ ಒತ್ತಿದರೂ ಡೈನೋಸಾರ್ ಹಾರುತ್ತದೆ. ಈ ವಿಷಯ ನನಗೆ ಗೊತ್ತು, ಮಗಳಿಗೆ ಗೊತ್ತು. ಅವಳ ಬಾಯಿ ಮುಚ್ಚಿಸಲು ಸದ್ಯ ದಿನಕ್ಕೊಂದು ಚಾಕೊಲೇಟ್ ನಡೆಯುತ್ತಿದೆ.