ಕಡಲೆಕಾಳಲ್ಲ, ನೆನೆಹಾಕಬೇಡಿ

ನಿನ್ನೆ ಸಂಜೆ ಇಲ್ಲೇ ಸಿಯಾಟಲ್‌ನಲ್ಲಿ ಮಿತ್ರರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಹಿತ್ತಲಿನಲ್ಲಿ ಒಂದು ಬಕೆಟ್. ಅದರ ತುಂಬ ನಲ್ಲಿ ನೀರು, ಮೇಲೆ ತೇಲುವ ಮಂಜುಗಡ್ಡೆ, ತಳದಲ್ಲಿ ಮೂರು ಡಜನ್ ಆಯ್ಸ್ಟರ್, ಅಂದರೆ ನಮ್ಮ ಕುಮಟಾ ಕಡೆ ಕಲ್ಗ ಎನ್ನುವ ಚಿಪ್ಪುಜೀವಿ. "ಬೆಳಿಗ್ಗೆಯೇ ತಂದು ನೆನೆಹಾಕಿದ್ದೇನೆ, ತಾಜಾ ಇರಲಿ ಎಂದು" ಎಂದರು, ಉಸಲಿಗೆ ಕಡಲೆ ನೆನೆಹಾಕಿದವರ ಸಂಭ್ರಮದಲ್ಲಿ. ಹೆಂಡತಿ ಮೊಣಕೈಯಿಂದ ತಿವಿಯದಿದ್ದರೆ ಅಲ್ಲೇ ಜಗಳವಾಗುತ್ತಿತ್ತು. ಅವರು ಫೇಸ್‌ಬುಕ್‌ನಲ್ಲಿಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಆಯ್ಸ್ಟರ್ ಅಂಗಡಿಯಿಂದ ಮನೆಗೆ ಬಂದಾಗಲೂ ಜೀವಂತವಾಗಿರುತ್ತದೆ ಸ್ವಾಮಿ. ಚಿಪ್ಪಿನೊಳಗೆ ಒಂದು ಗುಟುಕು ಸಮುದ್ರವನ್ನು ಹಿಡಿದಿಟ್ಟುಕೊಂಡು, ಬಾಯಿ ಬಿಗಿದು, ತಂಪಿನಲ್ಲಿ ದಿನಗಟ್ಟಲೆ ಕಾಯಬಲ್ಲದು. ಇಳಿತದ ಹೊತ್ತಿನಲ್ಲಿ ನೀರಿಲ್ಲದೆ ಗಂಟೆಗಟ್ಟಲೆ ಇರುವುದು ಅದಕ್ಕೆ ರೂಢಿಯೇ. ರೂಢಿಯಿಲ್ಲದ್ದು ಸಿಹಿನೀರು. ಅದರಲ್ಲಿ ಮುಳುಗಿಸಿದರೆ ಸಾಯುತ್ತದೆ. ಉಬ್ಬಿದ ಚಿಪ್ಪು ಕೆಳಗೆ, ಚಪ್ಪಟೆ ಚಿಪ್ಪು ಮೇಲೆ ಬರುವಂತೆ ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಫ್ರಿಜ್‌ನಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರಾಯಿತು. ಇಷ್ಟಕ್ಕೆ ಬಕೆಟ್ ಯಾಕೆ?

"ನೀರಿನ ಪ್ರಾಣಿಯನ್ನು ನೀರಿನಲ್ಲಿಟ್ಟರೆ ತಪ್ಪೇನು? ನಿಮ್ಮ ಕುಮಟಾ ಕಡೆ ಬಳಚನ್ನು ರಾತ್ರಿಯೆಲ್ಲ ನೀರಿನಲ್ಲಿ ಇಡುವುದಿಲ್ಲವೇ?" ಎಂದು ಅವರೇ ಕೇಳಿದರು. ಇಡುತ್ತಾರೆ. ಬಳಚು ಮರಳಿನಲ್ಲಿ ಹೂತು ಬದುಕುವ ಬೇರೆಯದೇ ಚಿಪ್ಪುಜೀವಿ, ಒಳಗಿನ ಮರಳು ಉಗುಳಲಿ ಎಂದು ಇಡುತ್ತಾರೆ. ಅದಕ್ಕೂ ನಮ್ಮ ಅಮ್ಮ ಬಾವಿಯ ನೀರು ಮುಟ್ಟಿಸುತ್ತಿರಲಿಲ್ಲ, ಅಘನಾಶಿನಿ ಅಳಿವೆಯ ಉಪ್ಪುನೀರನ್ನೇ ಕೊಡದಲ್ಲಿ ತರಿಸುತ್ತಿದ್ದಳು. (2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಸಾಲು ಸಾಲು ಪೋಸ್ಟ್ ಹಾಕಿ ನಿಮಗೆಲ್ಲ ತಲೆನೋವು ತಂದವನು ನಾನೇ.) ಬಂಡೆಗೆ ಕಚ್ಚಿಕೊಂಡ ಕಲ್ಗವನ್ನು ನೆನೆಹಾಕಿದವರನ್ನು ನಮ್ಮೂರಿನಲ್ಲಿ ನಾನು ಕಂಡಿಲ್ಲ. ಸಾಫ್ಟ್‌ವೇರ್ ಬರೆಯುವವರೇ ಬೇಕಾಯಿತು.

ಕೊಳ್ಳುವಾಗ ಅವರು ಚೀಟಿಯನ್ನೂ ಕೇಳಿರಲಿಲ್ಲ. ಯಾವ ಕೊಲ್ಲಿಯದು, ಯಾವ ದಿನ ತೆಗೆದದ್ದು ಎಂದು ಅದರಲ್ಲಿ ಬರೆದಿರುತ್ತದೆ. ಇಲ್ಲಿ ಅಂಗಡಿಯವರು ಅದನ್ನು 90 ದಿನ ಇಟ್ಟುಕೊಳ್ಳಲೇಬೇಕು. ಕೇಳಿದರೆ ತೋರಿಸುತ್ತಾರೆ, ಬೈಯುವುದಿಲ್ಲ.

ಅವರು ಒಳಗೆ ಹೋದಾಗ ಬಕೆಟ್ಟಿಗೆ ಕೈ ಹಾಕಿದೆ. ಒಂಬತ್ತು ಬಾಯಿ ಬಿಟ್ಟಿದ್ದವು. ಜೀವವಿದ್ದರೆ ತಟ್ಟಿದಾಗ ಮುಚ್ಚಿಕೊಳ್ಳಬೇಕು. ಬಾಗಿಲು ತಟ್ಟುವ ಹಾಗೆ ಒಂದೊಂದನ್ನೂ ತಟ್ಟಿದೆ. ಒಂದೂ ಓಗೊಡಲಿಲ್ಲ. ಸದ್ದಿಲ್ಲದೆ ಕಸದ ಡಬ್ಬಿಗೆ ಸಾಗಿಸಿದೆ.

ತೆರೆಯಲು ಸ್ಕ್ರೂಡ್ರೈವರ್ ಬಂತು! ಕಿತ್ತುಕೊಂಡೆ. ಗಿಡ್ಡನೆಯ, ಮೊಂಡು ಅಲಗಿನ ಚಾಕು ಇದಕ್ಕೆಂದೇ ಸಿಗುತ್ತದೆ, ನನ್ನದು ಕಾರಿನಲ್ಲೇ ಇತ್ತು (ಹೌದು, ಇರುತ್ತದೆ). ದಪ್ಪ ಬಟ್ಟೆಯ ಮಡಿಕೆಯಲ್ಲಿ ಆಯ್ಸ್ಟರನ್ನು ಒತ್ತಿ ಹಿಡಿದು, ಹಿಂಬದಿಯ ಕೀಲಿಗೆ ಚಾಕುವಿನ ತುದಿ ಕೊಟ್ಟು, ಬೀಗದಲ್ಲಿ ಕೀಲಿಕೈ ತಿರುಗಿಸಿದಂತೆ ತಿರುಗಿಸಬೇಕು. ಬಲ ಬೇಡ, ತಾಳ್ಮೆ ಬೇಕು. ಟಕ್ ಎಂದಾಗ ಮೇಲಿನ ಚಿಪ್ಪಿಗೆ ತಾಗಿಸಿಕೊಂಡೇ ಅಲಗು ಎಳೆದರೆ ಸ್ನಾಯು ಬಿಡುತ್ತದೆ. ಒಳಗಿನ ಉಪ್ಪುನೀರು ಚೆಲ್ಲದಂತೆ ಮೊದಲನೆಯದನ್ನು ತೆರೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ನೇರವಾಗಿ ಒಯ್ದು ನಲ್ಲಿಯ ಕೆಳಗೆ ಹಿಡಿದರು. ಮತ್ತೆ ನಲ್ಲಿ!

ಇಷ್ಟು ಹಾರಾಡುವ ನಾನೇನು ಹುಟ್ಟಾ ಪಂಡಿತನಲ್ಲ. ಈ ದೇಶಕ್ಕೆ ಬಂದ ಮೊದಲ ವರ್ಷ ಎರಡು ಡಜನ್ ತಂದು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಳ ಬಿಗಿದು, ಶುಕ್ರವಾರದಿಂದ ಭಾನುವಾರದವರೆಗೆ ಇಟ್ಟಿದ್ದೆ. ಅವೂ ಉಸಿರಾಡುತ್ತವೆ ಎಂದು ಹೊಳೆದದ್ದು ಮುಚ್ಚಳ ತೆಗೆದಾಗ ಬಂದ ನಾತದಿಂದ.

ಇನ್ನೊಂದು ಗುಟ್ಟು. ನಾನು ಈಗ ಹಸಿ ಆಯ್ಸ್ಟರ್ ತಿನ್ನುವುದಿಲ್ಲ. ನನ್ನ ಸಕ್ಕರೆ ಕಾಯಿಲೆಯ ಕಥೆ ನಿಮಗೆ ಗೊತ್ತೇ ಇದೆ. ಹಸಿಯದರಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರಬಹುದು. ವಾಸನೆ, ರುಚಿ, ಬಣ್ಣ ಯಾವುದರಲ್ಲೂ ಅದರ ಸುಳಿವು ಸಿಗುವುದಿಲ್ಲ. ನಿಂಬೆಹಣ್ಣು ಹಿಂಡಿದರೂ ಖಾರದ ಸಾಸ್ ಸುರಿದರೂ ಸಾಯುವುದಿಲ್ಲ. ಯಕೃತ್ತಿನ ತೊಂದರೆ, ಮಧುಮೇಹ ಇರುವವರಿಗೆ ಪ್ರಾಣಕ್ಕೇ ಕುತ್ತು. ಹಾಗಾಗಿ ಉಳಿದವನ್ನೆಲ್ಲ ಚೆನ್ನಾಗಿ ಬೇಯಿಸಲೇಬೇಕೆಂದು ಹಠ ಹಿಡಿದೆ. ಅತ್ತಿಗೆ ತೆಂಗಿನಕಾಯಿ ಅರೆದು ಕೊಟ್ಟರು. ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು.

ಹೊರಡುವಾಗ, ಬೇಯಿಸದೆ ಮಿಕ್ಕಿದ್ದ ಎಂಟನ್ನು ಪ್ರೀತಿಯಿಂದ ನಮಗೇ ಕಟ್ಟಿಕೊಟ್ಟರು. ಕಾರಿನಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದೆ. ಅಂಚಿನವರೆಗೂ ನೀರು.