ರಾಜಧಾನಿ ಯಾವುದು, ಹೇಳು ನೋಡೋಣ

ನಮ್ಮ ದೊಡ್ಡಪ್ಪ ಮನೆಗೆ ಬಂದರೆ ಮಕ್ಕಳೆಲ್ಲ ಮೊದಲು ಓಡಿ ಬರುತ್ತಿದ್ದೆವು, ಆಮೇಲೆ ಓಡಿ ಹೋಗುತ್ತಿದ್ದೆವು. ಬರುತ್ತಿದ್ದದ್ದು ಅವರ ಜೇಬಿನಲ್ಲಿದ್ದ ಕೊಬ್ಬರಿ ಮಿಠಾಯಿ ನೆನೆದು. ಹೋಗುತ್ತಿದ್ದದ್ದು ಅವರ ಪ್ರಶ್ನೆಗೆ ಹೆದರಿ. "ಎಷ್ಟನೇ ಕ್ಲಾಸೋ ನೀನೀಗ? ಆರಾ? ಹಾಗಾದ್ರೆ ಆಸ್ಟ್ರೇಲಿಯಾದ ರಾಜಧಾನಿ ಯಾವುದು, ಹೇಳು ನೋಡೋಣ." ನಾನು ಎದೆಯುಬ್ಬಿಸಿ "ಸಿಡ್ನಿ" ಅಂದೆ. ಬೆಳಗಿನ ಜಾವ ಎದ್ದು, ಕಂಬಳಿ ಹೊದ್ದು, ಟೀವಿಯಲ್ಲಿ ಕ್ರಿಕೆಟ್ ನೋಡಿದ ಹುಡುಗ ಇನ್ನೇನು ಹೇಳಿಯಾನು? ದೊಡ್ಡಪ್ಪ ಕೈಯಲ್ಲಿದ್ದ ಮಿಠಾಯಿಯನ್ನು ನಿಧಾನವಾಗಿ ಮತ್ತೆ ಜೇಬಿಗಿಳಿಸಿದರು. "ಕ್ಯಾನ್‌ಬೆರಾ" ಅಂದರು. ಈ ಜನ್ಮದಲ್ಲಿ ನಾನು ಆ ಹೆಸರು ಮರೆಯುವ ಹಾಗಿಲ್ಲ.

ದೊಡ್ಡಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ತಿಪಟೂರಿನಿಂದ ಅರಸೀಕೆರೆ, ಅರಸೀಕೆರೆಯಿಂದ ತಿಪಟೂರು. ಅವರು ಕಂಡ ಪ್ರಪಂಚ ಹೆಚ್ಚುಕಮ್ಮಿ ಅಷ್ಟೇ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿಯವರು, ಸೌತೆಕಾಯಿಯವರು ಹತ್ತಿ ಇಳಿದ ಮೇಲೆ ಒಬ್ಬ ಪುಸ್ತಕದವನು ಹತ್ತುತ್ತಿದ್ದನಂತೆ. ಯಾವ ದೇಶಕ್ಕೆ ಯಾವ ರಾಜಧಾನಿ, ಯಾವ ದೇಶಕ್ಕೆ ಯಾವ ದುಡ್ಡು, ಉದ್ದದ ನದಿ, ಎತ್ತರದ ಬೆಟ್ಟ, ಎಲ್ಲಾ ಸೇರಿ ಬರೀ ಹತ್ತು ರೂಪಾಯಿ ಎಂದು ಒಂದೇ ಉಸಿರಿಗೆ ಹೇಳಿ, ಬಸ್ ಹೊರಡುವಷ್ಟರಲ್ಲಿ ಇಳಿದುಬಿಡುತ್ತಿದ್ದ. ದೊಡ್ಡಪ್ಪ ವರ್ಷಕ್ಕೊಂದು ಪುಸ್ತಕ ಕೊಳ್ಳುತ್ತಿದ್ದರು. ಟಿಕೆಟ್ ಹರಿದು ಮುಗಿದ ಮೇಲೆ ತಮ್ಮ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ತೆಂಗಿನ ತೋಟಗಳು ಹಿಂದೆ ಸರಿಯುತ್ತಿರುವಾಗ, ಉಗಾಂಡಾ ಕಂಪಾಲಾ, ಘಾನಾ ಅಕ್ರಾ ಅಂತ ಬಾಯಿಪಾಠ ಮಾಡುತ್ತಿದ್ದರು.

ಆ ಪುಸ್ತಕಗಳಲ್ಲಿ ಒಂದು ನನ್ನ ಹತ್ತಿರ ಈಗಲೂ ಇದೆ. ರಟ್ಟು ಹೋಗಿದೆ, ಹಾಳೆ ಹಳದಿಯಾಗಿದೆ. ಎಡಗಡೆ ದೇಶ, ಬಲಗಡೆ ರಾಜಧಾನಿ, ನಡುವೆ ಸಾಲಾಗಿ ಚುಕ್ಕಿ. ಆಸ್ಟ್ರೇಲಿಯಾ, ಹದಿನೈದು ಚುಕ್ಕಿ, ಕ್ಯಾನ್‌ಬೆರಾ. ಆ ಚುಕ್ಕಿಗಳಲ್ಲಿ ಏನು ಹೂತುಹೋಗಿದೆ ಅಂತ ನನಗೆ ಗೊತ್ತಾಗಲು ತಲೆಕೂದಲು ಅರ್ಧ ನರೆಯಬೇಕಾಯಿತು.

ನಡೆದದ್ದು ಇಷ್ಟು. 1901ರಲ್ಲಿ ಆರು ವಸಾಹತುಗಳು ಸೇರಿ ಆಸ್ಟ್ರೇಲಿಯಾ ಅಂತ ಒಂದು ದೇಶವಾಯಿತು. ಮನೆ ಒಂದಾಯಿತು, ಸರಿ. ಯಜಮಾನಿಕೆ ಯಾರದು? ಸಿಡ್ನಿ ನಂದು ಅಂದಿತು, ಮೆಲ್ಬರ್ನ್ ನಂದು ಅಂದಿತು. ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಸಂವಿಧಾನದಲ್ಲೇ ಬರೆದುಕೊಂಡರು: ರಾಜಧಾನಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದೊಳಗೇ ಇರಬೇಕು, ಆದರೆ ಸಿಡ್ನಿಯಿಂದ ಕಡೇಪಕ್ಷ 100 ಮೈಲಿ ಆಚೆ ಇರಬೇಕು, ಅದು ಎದ್ದು ನಿಲ್ಲುವವರೆಗೆ ಪಾರ್ಲಿಮೆಂಟು ಮೆಲ್ಬರ್ನ್‌ನಲ್ಲಿ ಕೂರಬೇಕು. ಓದಿದಾಗ ನಗು ತಡೆಯಲಾಗಲಿಲ್ಲ. ಬಾವಿ ಅಣ್ಣನ ಜಮೀನಿನಲ್ಲಿ, ನೀರು ಹಾಯಿಸುವ ಸರದಿ ತಮ್ಮನಿಗೆ, ಬದುವಿನ ಹುಣಸೆಮರ ಇಬ್ಬರಿಗೂ ಅಂತ ನಮ್ಮ ಕಡೆ ಪಾಲು ಬರೆಸುವುದಿಲ್ಲವೇ, ಅಚ್ಚು ಅದೇ ಥರ.

ಜಾಗ ಗೊತ್ತುಮಾಡುವ ಹೊತ್ತಿಗೆ 1908 ಆಯಿತು. ಸಿಕ್ಕಿದ್ದು ಕುರಿ ಮೇಯುವ ಬಯಲು. ಹೆಸರಿಡುವಾಗ ಇನ್ನೊಂದು ಸುತ್ತು ಗದ್ದಲ. ಆರು ರಾಜ್ಯಗಳ ದೊಡ್ಡ ಊರುಗಳ ಹೆಸರಿನಿಂದ ಒಂದೊಂದು ತುಣುಕು ಕಿತ್ತು, ಪೋಣಿಸಿ, ಯಾರೋ ಒಬ್ಬರು 'ಸಿಡ್‌ಮೆಲ್‌ಆಡ್‌ಪರ್‌ಬ್ರಿಸ್‌ಹೋ' ಅಂತ ಹೆಸರು ಸೂಚಿಸಿದ್ದರು. ಯಾರಿಗೂ ಬೇಜಾರಾಗಬಾರದು ನೋಡಿ! ಅದೇನಾದರೂ ಪಾಸಾಗಿದ್ದರೆ ದೊಡ್ಡಪ್ಪನ ಜೇಬಿನ ಮಿಠಾಯಿ ಯಾವತ್ತೂ ಖರ್ಚಾಗುತ್ತಿರಲಿಲ್ಲ. 1913ರಲ್ಲಿ ಕ್ಯಾನ್‌ಬೆರಾ ಅಂತ ನಾಮಕರಣವಾಯಿತು. ಪಾರ್ಲಿಮೆಂಟು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಬಂದದ್ದು 1927ರಲ್ಲಿ. ಮೆಲ್ಬರ್ನ್‌ನಲ್ಲಿ ಬೀಗರ ಮನೆಯಲ್ಲಿದ್ದ ಹಾಗೆ 26 ವರ್ಷ ಕಳೆದಿತ್ತು.

ಇನ್ನೊಂದು ಮಾತು. ಕ್ಯಾನ್‌ಬೆರಾದ ನಕ್ಷೆ ಬರೆದು ಸ್ಪರ್ಧೆ ಗೆದ್ದವರು ವಾಲ್ಟರ್ ಬರ್ಲಿ ಗ್ರಿಫಿನ್ ಎಂಬ ಅಮೆರಿಕದ ವಾಸ್ತುಶಿಲ್ಪಿ. ಆ ಚೆಂದದ ಚಿತ್ರಗಳನ್ನು ಬಿಡಿಸಿದವರು ಅವರ ಹೆಂಡತಿ ಮೇರಿಯನ್. ಗ್ರಿಫಿನ್ 1935ರಲ್ಲಿ ವಿಶ್ವವಿದ್ಯಾಲಯದ ಲೈಬ್ರರಿ ಕೆಲಸಕ್ಕೆಂದು ಲಕ್ನೋಗೆ ಬಂದರು, 1937ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಮಾಧಿಯೂ ಲಕ್ನೋದಲ್ಲೇ ಇದೆ. ಆಸ್ಟ್ರೇಲಿಯಾದ ರಾಜಧಾನಿ ಕಟ್ಟಲು ಗೆರೆ ಎಳೆದವರು ಉತ್ತರಪ್ರದೇಶದ ರಾಜಧಾನಿಯಲ್ಲಿ ಮಲಗಿದ್ದಾರೆ. ಇದು ಆ ಹತ್ತು ರೂಪಾಯಿ ಪುಸ್ತಕದ ಯಾವ ಚುಕ್ಕಿಯಲ್ಲೂ ಇರಲಿಲ್ಲ.

ಅಲ್ಲಿಂದ ನನಗೆ ಒಂದು ಚಾಳಿ ಹತ್ತಿತು. ಎಲ್ಲರೂ ತಪ್ಪು ಹೇಳುವ ರಾಜಧಾನಿ ಸಿಕ್ಕಿತೆಂದರೆ ಅದರ ಹಿಂದೆ ಯಾರ ಜಗಳ ಇದೆ ಅಂತ ಕೆದಕುವುದು. ಬಹಳ ಸಲ ಇದ್ದೇ ಇರುತ್ತದೆ. ಕೆನಡಾದಲ್ಲಿ ಟೊರಾಂಟೊ, ಮಾಂಟ್ರಿಯಲ್, ಕ್ವಿಬೆಕ್, ಕಿಂಗ್ಸ್‌ಟನ್ ಎಲ್ಲಕ್ಕೂ ರಾಜಧಾನಿಯಾಗುವ ಆಸೆ. ರಾಜಧಾನಿ ಊರಿಂದ ಊರಿಗೆ ಅಲೆಯುತ್ತಿತ್ತು. ಬೇಸತ್ತು ವಿಕ್ಟೋರಿಯಾ ರಾಣಿಯನ್ನೇ ಕೇಳಿದರು. ಆಕೆ 1857ರಲ್ಲಿ ಮರದ ದಿಮ್ಮಿ ವ್ಯಾಪಾರದ ಊರು ಒಟ್ಟಾವಾವನ್ನು ಆರಿಸಿದರು. ಆಮೇಲೂ ಒಂದಿಷ್ಟು ಗೊಣಗಾಟ ನಡೆಯಿತು, ಆದರೆ ಕೊನೆಗೆ ಉಳಿದದ್ದು ರಾಣಿಯ ಮಾತೇ.

ದಕ್ಷಿಣ ಆಫ್ರಿಕಾದ ಪಾಲುಪಟ್ಟಿಯಂತೂ ನನಗೆ ಬಹಳ ಇಷ್ಟ. 1910ರಲ್ಲಿ ನಾಲ್ಕು ವಸಾಹತುಗಳು ಕೂಡಿದವು. ಆಡಳಿತ ಪ್ರಿಟೋರಿಯಾಕ್ಕೆ, ಪಾರ್ಲಿಮೆಂಟು ಕೇಪ್‌ಟೌನ್‌ಗೆ, ದೊಡ್ಡ ನ್ಯಾಯಾಲಯ ಬ್ಲೂಮ್‌ಫಾಂಟೈನ್‌ಗೆ. ಮೂರು ಕೋಣೆ ಮೂವರಿಗಾಯಿತು. ನಾಲ್ಕನೆಯವನು? ನೇಟಾಲಿನ ರಾಜಧಾನಿ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಕೋಣೆ ಸಿಗಲಿಲ್ಲ, ಪರಿಹಾರ ಅಂತ ಒಂದಿಷ್ಟು ದುಡ್ಡು ಗೊತ್ತುಮಾಡಿದರು. ಗಾಂಧೀಜಿಯನ್ನು 1893ರಲ್ಲಿ ರೈಲಿನಿಂದ ಹೊರದಬ್ಬಿದ ಸ್ಟೇಷನ್ ಇರುವುದೂ ಅದೇ ಊರಿನಲ್ಲಿ. ಪುಸ್ತಕದಲ್ಲಿ ಮಾತ್ರ ದಕ್ಷಿಣ ಆಫ್ರಿಕಾ ಎದುರಿಗೆ ಪ್ರಿಟೋರಿಯಾ ಒಂದೇ. ಜಾಗ ಸಾಲಲಿಲ್ಲವೋ ಏನೋ.

ಹಾಗಂತ ನಾವೇನು ಕಮ್ಮಿಯಿಲ್ಲ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. ಚಳಿಗಾಲದ ಅಧಿವೇಶನಕ್ಕೆ ಬೆಂಗಳೂರಿನಿಂದ ಮಂತ್ರಿಗಳು, ಫೈಲುಗಳು, ಕಾರುಗಳು ಎಲ್ಲಾ ಅಲ್ಲಿಗೆ ಹೋಗುತ್ತವೆ. ಅಧಿವೇಶನ ಮುಗಿದರೆ ಎಲ್ಲಾ ವಾಪಸ್. ಇಲ್ಲಿಯ ಚುಕ್ಕಿಗಳ ಕತೆ ನಿಮಗೇ ಗೊತ್ತು, ನಾನೇನು ಬಾಯಿ ಹಾಕುವುದಿಲ್ಲ.

ನನ್ನ ತಮ್ಮನೊಬ್ಬನಿದ್ದ, ಚಿಕ್ಕಪ್ಪನ ಮಗ. ಮಿಠಾಯಿ ಕಳೆದುಕೊಂಡೂ ಕಳೆದುಕೊಂಡೂ ಅವನು ಒಂದು ಸೂತ್ರ ಕಂಡುಹಿಡಿದ. ದೊಡ್ಡಪ್ಪ ಕೇಳಿದ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ಊರನ್ನು ಬಿಟ್ಟುಬಿಡು, ಎರಡನೆಯದನ್ನು ಹೇಳು. ಟರ್ಕಿ ಅಂದರೆ ಇಸ್ತಾಂಬುಲ್ ಅಲ್ಲ, ಅಂಕಾರಾ. ನ್ಯೂಜಿಲೆಂಡ್ ಅಂದರೆ ಆಕ್ಲೆಂಡ್ ಅಲ್ಲ, ವೆಲ್ಲಿಂಗ್ಟನ್. ಬ್ರೆಜಿಲ್ ಅಂದರೆ ರಿಯೊ ಅಲ್ಲ, ಬ್ರೆಸೀಲಿಯಾ. ಒಂದು ಬೇಸಿಗೆ ರಜೆಯೆಲ್ಲ ಸೂತ್ರ ಚೆನ್ನಾಗಿ ಓಡಿತು. ಮಿಠಾಯಿಯೂ ಬಂತು. ದೊಡ್ಡಪ್ಪನಿಗೆ ವಾಸನೆ ಹತ್ತಿತೋ ಏನೋ, ಒಂದು ದಿನ ಸುಮ್ನೆ "ಜಪಾನ್?" ಅಂದರು. ಇವನು ಒಂದು ಕ್ಷಣವೂ ಯೋಚಿಸದೆ "ಒಸಾಕಾ!" ಅಂದ. ಅವತ್ತು ಮಿಠಾಯಿ ಜೇಬಿಗೂ ಹೋಗಲಿಲ್ಲ, ದೊಡ್ಡಪ್ಪ ತಾವೇ ಬಾಯಿಗೆ ಹಾಕಿಕೊಂಡರು.

ಪುಸ್ತಕದ ಚುಕ್ಕಿಗಳಿಗೆ ಅಳತೆ ಇರುತ್ತದೆ, ಪಾಪ. ಥಾಯ್ಲೆಂಡ್ ಎದುರಿಗೆ ಬ್ಯಾಂಕಾಕ್ ಅಂತ ಇದೆ. ಅಲ್ಲಿಯವರು ಅದನ್ನು ಕರೆಯುವುದು ಕ್ರುಂಗ್ ಥೇಪ್, ದೇವತೆಗಳ ನಗರ. ಅದೂ ಬರೀ ಮೊದಲ ತುಣುಕು. ಪೂರ್ತಿ ಹೆಸರು ಬರೆದರೆ ಪುಸ್ತಕದ ಅರ್ಧ ಪುಟ ಹೋಗುತ್ತದೆ. ಕಿವಿಗೊಟ್ಟು ಕೇಳಿದರೆ ನಮಗೆ ಅದು ಪೂರಾ ಪರಕೀಯವೂ ಅಲ್ಲ. 'ಮಹಾ ನಖೊನ್' ಅಂದರೆ ನಮ್ಮ ಮಹಾನಗರ. 'ಅಮೊನ್' ಅಂದರೆ ಅಮರ. 'ರತ್ತನ' ಅಂದರೆ ರತ್ನ. ಕೊನೆಗೆ, ಇಂದ್ರ ಹೇಳಿ ವಿಶ್ವಕರ್ಮ ಕಟ್ಟಿಕೊಟ್ಟದ್ದು ಅಂತ ಬರುತ್ತದೆ. ಹರಿಕಥೆ ದಾಸರು ಅಮರಾವತಿಯನ್ನು ಬಣ್ಣಿಸುವಾಗ ಮಧ್ಯದಲ್ಲಿ ನಿಲ್ಲಿಸಿ, ಇದನ್ನೇ ಊರಿನ ಹೆಸರು ಅಂತ ಇಟ್ಟುಬಿಡಿ ಅಂದ ಹಾಗಿದೆ.

ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ. ಹೋದ ತಿಂಗಳು ಊರಿಗೆ ಹೋಗಿದ್ದೆವು. ಜಗಲಿಯ ಮೇಲೆ ಕೂತಿದ್ದರು. ಬಟ್ಟೆಯ ಬಣ್ಣ ಮಾಸಿದೆ, ಜೇಬಿನ ಉಬ್ಬು ಹಾಗೇ ಇದೆ. ಐದನೇ ಕ್ಲಾಸಿನ ನನ್ನ ಮಗಳು ಕಾರಿನಲ್ಲೇ ನನ್ನಿಂದ ಎಲ್ಲಾ ತಿಳಿದುಕೊಂಡಿದ್ದಳು. ಅವರು ಬಾಯಿ ತೆರೆಯುವ ಮೊದಲೇ ಇವಳೇ ಶುರುಮಾಡಿದಳು.

"ತಾತ, ಕಜಕಿಸ್ತಾನದ ರಾಜಧಾನಿ ಯಾವುದು, ಹೇಳಿ ನೋಡೋಣ."

"ಆಲ್ಮಾ ಅಟಾ" ಅಂದರು ದೊಡ್ಡಪ್ಪ, ತಡಮಾಡದೆ.

"ತಪ್ಪು!"

ನಾನು ಮಧ್ಯೆ ಹೋದೆ. ಆಲ್ಮಾ ಅಟಾ ಅಂದರೆ ಈಗಿನ ಅಲ್ಮಾಟಿ. 1997ರಲ್ಲಿ ರಾಜಧಾನಿ ಅಲ್ಲಿಂದ ಅಕ್ಮೊಲಾ ಎಂಬ ಊರಿಗೆ ಹೋಯಿತು. ಮರುವರ್ಷ ಆ ಊರಿಗೆ ಅಸ್ತಾನಾ ಅಂತ ಹೆಸರಾಯಿತು. 2019ರಲ್ಲಿ ಅಧ್ಯಕ್ಷರಾಗಿದ್ದ ನಜರ್ಬಾಯೆವ್ ಕೆಳಗಿಳಿದಾಗ ಅವರ ಗೌರವಕ್ಕೆ ನೂರ್‌ಸುಲ್ತಾನ್ ಅಂತಾಯಿತು. 2022ರಲ್ಲಿ ಮತ್ತೆ ಅಸ್ತಾನಾ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. "ಅಸ್ತಾನಾ ಅಂದ್ರೆ ಏನಂತೆ ಅರ್ಥ?" ಅಂದರು. ಅವರ ಭಾಷೆಯಲ್ಲಿ 'ರಾಜಧಾನಿ' ಅಂತಲೇ ಅರ್ಥ ಅಂದೆ.

"ರಾಜಧಾನಿ ಹೆಸರು ರಾಜಧಾನಿ!" ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. "ನಮ್ಮ ಕಾಲದಲ್ಲಿ ಇಂಥ ಸುಲಭದ್ದು ಒಂದೂ ಇರಲಿಲ್ಲವಲ್ಲೋ." ಆಮೇಲೆ ಮಗಳ ಕಡೆ ತಿರುಗಿದರು. ಕಣ್ಣು ಸಣ್ಣದಾಯಿತು. ಮುಖದಲ್ಲಿ ಆ ಹಳೇ ಕಂಡಕ್ಟರ್ ಬಂದು ಕೂತ. "ಆಯ್ತು ಪುಟ್ಟಿ, ಈಗ ನನ್ನ ಸರದಿ. ಸ್ವಿಟ್ಜರ್ಲೆಂಡ್?"

ಮಗಳು ಒಂದು ಸಲ ನನ್ನ ಮುಖ ನೋಡಿದಳು. "ಜ್ಯೂರಿಕ್ ಅಲ್ಲ, ಜಿನೀವಾ ಅಲ್ಲ... ಬರ್ನ್!"

"ಭಲೇ!" ಅಂದರು ದೊಡ್ಡಪ್ಪ. ಜೇಬಿಗೆ ಕೈಹಾಕಿದರು.

ಸ್ವಿಟ್ಜರ್ಲೆಂಡಿನ ಸಂವಿಧಾನದಲ್ಲಿ ಯಾವ ಊರನ್ನೂ ರಾಜಧಾನಿ ಅಂತ ಬರೆದಿಲ್ಲ. 1848ರಲ್ಲಿ ಸರ್ಕಾರ ಬರ್ನ್‌ನಲ್ಲಿ ಕೂರಲಿ ಅಂತ ಆರಿಸಿದರು. ಅದನ್ನು 'ಒಕ್ಕೂಟದ ನಗರ' ಅಂತ ಕರೆದು ಸುಮ್ಮನಾಗಿದ್ದಾರೆ. ಇದನ್ನು ಹೇಳೋಣ ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಿಠಾಯಿ ಅವಳ ಬಾಯೊಳಗೆ ಹೋಗಿತ್ತು. ಇನ್ನೊಂದು ತುಂಡನ್ನು ದೊಡ್ಡಪ್ಪ ನನ್ನ ಕಡೆ ಚಾಚಿದ್ದರು.