ಮರುಕದಿಂದ ಗ್ರೇಹೌಂಡ್ ತರಬೇಡಿ

ಮೆಲ್ಬರ್ನಿನಲ್ಲಿರುವ ನಮ್ಮ ಪರಿಚಯದ ಕನ್ನಡ ಕುಟುಂಬವೊಂದು, ನಮ್ಮ ಮನೆಯ ನಾಯಿ ಹುಲಿಯನನ್ನು ನೋಡಿದ ಮೇಲೆ, ತಾವೂ ರೇಸಿನಿಂದ ಹೊರಬಿದ್ದ ಗ್ರೇಹೌಂಡ್ ತಳಿಯ ನಾಯಿಯೊಂದನ್ನು ದತ್ತು ತೆಗೆದುಕೊಳ್ಳಲು ಹೊರಟಿದೆ. ಯಾಕೆ ಎಂದು ಕೇಳಿದರೆ 'ಪಾಪ ಅನ್ನಿಸಿತು' ಎಂದರು. ಎರಡು ವರ್ಷಗಳ ಹಿಂದೆ ನಾನು ಕೊಟ್ಟ ಕಾರಣವೂ ಅದೇ ಆಗಿತ್ತು. ಆ ಮರುಕವೇ ಮೊದಲ ತಿಂಗಳಲ್ಲಿ ಹುಲಿಯನ ಜೀವಕ್ಕೆ ಕುತ್ತು ತಂದಿದ್ದರಿಂದ ಇದನ್ನು ಬರೆಯಬೇಕೆನಿಸಿತು.

ಮೈತುಂಬ ಹುಲಿಪಟ್ಟೆಯಿರುವ ಈ ನಾಯಿ ಸ್ವಯಂಸೇವಕರ ಗುಂಪೊಂದರಿಂದ ನಮ್ಮ ಮನೆಗೆ ಬಂದಾಗ ಅವನಿಗೆ ಮೂರೂವರೆ ವರ್ಷ. ನಾಯಿಗಳನ್ನು ಕೂಡಿಹಾಕುವ ಕೆನಲ್ ಮತ್ತು ರೇಸ್ ಟ್ರ್ಯಾಕ್ ಬಿಟ್ಟರೆ ಬೇರೆ ಲೋಕವನ್ನು ಕಾಣದ ಅವನಿಗೆ ಮೆಟ್ಟಿಲು ಹೊಸದು, ಗಾಜಿನ ಬಾಗಿಲು ಹೊಸದು, ನಮ್ಮ ಕುಕ್ಕರಿನ ಸೀಟಿಯಂತೂ ಸಾಕ್ಷಾತ್ ಪ್ರಳಯ. ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿಯನ್ನು ಆ ವಯಸ್ಸಿಗೇ 'ನಿವೃತ್ತ' ಎಂದು ಕರೆಯುವುದು ನನಗೆ ಇಂದಿಗೂ ಒಗ್ಗಿಲ್ಲ. ಗೆಲ್ಲುವುದು ನಿಂತ ಮೇಲೆ ಸಾಕುವ ಖರ್ಚು ಯಾರಿಗೂ ಬೇಡವಾಯಿತು ಎಂಬುದನ್ನು ಆ ಪದ ಬಹಳ ಮರ್ಯಾದೆಯಿಂದ ಮುಚ್ಚಿಡುತ್ತದೆ.

ಮನೆಗೆ ಬಂದ ಸ್ನೇಹಿತರೆಲ್ಲ ಅವನ ಪಕ್ಕೆಲುಬುಗಳನ್ನು ಕಂಡು ನೊಂದುಕೊಂಡರು, ಕೆಲವರು ತಟ್ಟೆಯಲ್ಲಿದ್ದ ಚಪಾತಿಯನ್ನೇ ಮುರಿದು ಹಾಕಿದರು. ಜಮಖಂಡಿಯಲ್ಲಿರುವ ನನ್ನ ಅವ್ವ ಮಾತ್ರ ವಿಡಿಯೊ ಕರೆಯಲ್ಲಿ ಅವನನ್ನು ನೋಡಿ, "ಇದು ನಮ್ಮ ಮುಧೋಳ ನಾಯಿ ಇದ್ದಂಗ ಐತಲ್ಲೋ ತಮ್ಮಾ, ದಪ್ಪ ಆದ್ರ ಓಡತೈತೇನು?" ಎಂದಳು. ಅವಳ ಮಾತೇ ಸರಿ. ಪಕ್ಕೆಯ ಕೊನೆಯ ಒಂದೆರಡು ಎಲುಬು ಸಣ್ಣಗೆ ಕಾಣುವುದು ಇವುಗಳಿಗೆ ಹಸಿವಿನ ಲಕ್ಷಣವಲ್ಲ, ಆರೋಗ್ಯದ್ದು. ಗ್ರೇಹೌಂಡ್ ಮತ್ತು ಮುಧೋಳ ನಾಯಿಗಳೆರಡೂ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿಗಳು. ಈ ಸಂಗತಿ ಊರಿನ ಹೊಲಗಳಲ್ಲಿ ಮೊಲದ ಬೆನ್ನು ಹತ್ತುವ ನಾಯಿಗಳನ್ನು ನೋಡುತ್ತ ಬೆಳೆದ ನನಗೆ ಗೊತ್ತಿರಬೇಕಿತ್ತು, ಗೊತ್ತೂ ಇತ್ತು.

ಆದರೂ ಒಂದು ಬೆಳಗಿನ ಜಾವ, ಜನರಿಲ್ಲದ ಕ್ರಿಕೆಟ್ ಮೈದಾನದಲ್ಲಿ, ಇಷ್ಟು ದಿನ ಬಂಧನದಲ್ಲಿದ್ದ ಜೀವ ಒಮ್ಮೆಯಾದರೂ ಮನಸೋ ಇಚ್ಛೆ ಓಡಲಿ ಎಂದು ನಾನು ಅವನ ಹಗ್ಗ ಬಿಚ್ಚಿದೆ. ದೂರದ ಪೊದೆಯಲ್ಲಿ ಮೊಲವೊಂದು ಅಲುಗಿದ್ದು ನನಗೆ ಕಾಣಿಸಲೇ ಇಲ್ಲ. ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡಬಲ್ಲ ಪ್ರಾಣಿಯನ್ನು ನಾನು ಬಾಯಿ ತೆರೆದು ಕರೆಯುವಷ್ಟರಲ್ಲಿ ಅದು ಮೈದಾನ ದಾಟಿ, ರಸ್ತೆ ದಾಟಿ, ತಂತಿ ಬೇಲಿಯೊಂದಕ್ಕೆ ತೊಡೆ ಹರಿದುಕೊಂಡಿತ್ತು. ರಸ್ತೆಯಲ್ಲಿ ಆ ಗಳಿಗೆ ವಾಹನವಿರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ಹೊಲಿಗೆ ಹಾಕಿದ ವೈದ್ಯೆಗೆ ಈ ತಳಿಯ ಒಳಹೊರಗು ತಿಳಿದಿತ್ತು. ಮೈಯಲ್ಲಿ ಕೊಬ್ಬು ತೀರಾ ಕಡಿಮೆಯಿರುವುದರಿಂದ ಕೆಲವು ಅರಿವಳಿಕೆ ಔಷಧಗಳ ಅಮಲು ಗ್ರೇಹೌಂಡ್‌ಗಳಿಗೆ ಬೇಗ ಇಳಿಯುವುದಿಲ್ಲವೆಂದೂ, ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳು ಹೆಚ್ಚು, ಥೈರಾಯ್ಡ್ ಕಡಿಮೆ ಎಂದು ಬಂದರೆ ಅದನ್ನು ರೋಗವೆಂದು ತಿಳಿದು ಔಷಧ ಶುರುಮಾಡಬಾರದೆಂದೂ ಅವರೇ ಹೇಳಿಕೊಟ್ಟರು. ತಲೆಗಿಂತ ಕುತ್ತಿಗೆಯೇ ದಪ್ಪವಾಗಿರುವ ಇವುಗಳಿಗೆ ಸಾಮಾನ್ಯ ಪಟ್ಟಿ ಜಾರಿಹೋಗುತ್ತದೆ, ಎಳೆದಾಗ ತುಸು ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿಯೇ ಬೇಕು ಎಂಬುದನ್ನು ದತ್ತು ಕೊಟ್ಟ ಗುಂಪಿನವರು ಮೊದಲೇ ತಿಳಿಸಿದ್ದರು. ಪಟ್ಟಿ ಸರಿಯಾಗಿಯೇ ಇತ್ತು. ಹಗ್ಗ ಬಿಚ್ಚಿದವನು ನಾನು. ಮೆಲ್ಬರ್ನ್ ಇರುವ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2019ರ ಜನವರಿಯಿಂದ ಸಾಕು ಗ್ರೇಹೌಂಡ್‌ಗಳಿಗೆ ಬಾಯಿಕುಕ್ಕೆ ಕಡ್ಡಾಯವಲ್ಲ, ಆದರೆ ಹಗ್ಗ ಇಂದಿಗೂ ಕಡ್ಡಾಯ. ಆ ನಿಯಮ ಕ್ರೂರವೆಂದು ಅಲ್ಲಿಯವರೆಗೆ ನಾನು ವಾದಿಸುತ್ತಿದ್ದೆ.

ಮರುಕದ ಇನ್ನೊಂದು ತೊಡಕೆಂದರೆ, ಒಂದು ನಾಯಿಯನ್ನು ಮನೆಗೆ ತಂದೊಡನೆ ಆ ಮರುಕ ತಣಿದುಬಿಡುತ್ತದೆ. 2015ರಲ್ಲಿ ಇಲ್ಲಿನ ಎಬಿಸಿ ವಾಹಿನಿ, ಓಟಕ್ಕೆ ತರಬೇತಿ ಕೊಡಲು ಜೀವಂತ ಹಂದಿಮರಿ, ಮೊಲಗಳನ್ನು ಬಳಸುತ್ತಿದ್ದುದನ್ನು ತೋರಿಸಿದಾಗ ದೇಶವೇ ಮರುಗಿತು. ಮರುವರ್ಷ ನ್ಯೂ ಸೌತ್ ವೇಲ್ಸ್ ಸರ್ಕಾರ ರೇಸನ್ನು ನಿಷೇಧಿಸಲು ಮುಂದಾಗಿ ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರಿನಲ್ಲಿ ರೇಸನ್ನು ಕೊನೆಗೊಳಿಸುವುದಾಗಿ ಘೋಷಿಸಿದೆ. ನಮ್ಮ ವಿಕ್ಟೋರಿಯಾದಲ್ಲಾದರೋ ರೇಸ್ ನಡೆಸುವವರೇ ದತ್ತು ಯೋಜನೆಯನ್ನೂ ನಡೆಸುತ್ತಾರೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ ಅಲ್ಲವೇ? ಹಾಗೆಂದು ಅಲ್ಲಿಂದ ನಾಯಿ ತರಬಾರದು ಎಂದು ನಾನು ಹೇಳುವುದಿಲ್ಲ, ತೊಟ್ಟಿಲಲ್ಲಿರುವ ಮಗುವಿನ ತಪ್ಪೇನೂ ಇಲ್ಲ. ಆದರೆ ನಾಯಿಯನ್ನು ತಂದವರು ರೇಸಿನ ಬಾಜಿಗೆ ದುಡ್ಡು ಹಾಕುವ ಸ್ನೇಹಿತರ ಮುಂದೆ ಸುಮ್ಮನಿರುವುದು ನನಗೆ ಸಹ್ಯವಾಗುವುದಿಲ್ಲ.

ಆ ಕುಟುಂಬದವರು ದಿನಕ್ಕೆ ಎಷ್ಟು ಗಂಟೆ ಓಡಿಸಬೇಕು ಎಂದು ಕೇಳಿದ್ದರು. ಅರ್ಧ ಗಂಟೆಯ ಎರಡು ನಡಿಗೆ, ಚಳಿಗಾಲಕ್ಕೊಂದು ಕೋಟು, ಒಂದು ದಪ್ಪ ಹಾಸಿಗೆ ಸಾಕು ಎಂದೆ, ನಂಬಲಿಲ್ಲ. ಶನಿವಾರ ಮಧ್ಯಾಹ್ನ ಅವರೇ ಬರುತ್ತಿದ್ದಾರೆ. ಆ ಹೊತ್ತಿಗೆ ಹುಲಿಯ ನಾಲ್ಕೂ ಕಾಲು ಮೇಲೆತ್ತಿ ಮಲಗಿರುತ್ತಾನೆ. ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಎರಗುವ ಸ್ವಭಾವ ಇವುಗಳಲ್ಲಿ ಕೆಲವಕ್ಕಿರುವುದರಿಂದ, ಎಷ್ಟೇ ಮುದ್ದು ಬಂದರೂ ದೂರದಿಂದಲೇ ಹೆಸರು ಹಿಡಿದು ಕರೆಯಬೇಕೆಂದು ಮಕ್ಕಳಿಗೆ ಈಗಲೇ ಹೇಳಿ ಕಳಿಸಿದ್ದೇನೆ.